ಎಲ್ಲಾರೂ ಬಂದೇವಿ

ನಮ್ಮ ಮಾವನವರು ಎಷ್ಟು ಜನ? ಇದೆಂಥ ಪ್ರಶ್ನೆ ಎಂದು ನೀವು ನಗಬಹುದು. ಮದುವೆಯಾಗಿ ಗೋಕಾಕಕ್ಕೆ ಬಂದ ಹೊಸದರಲ್ಲಿ ನಾನು ಈ ಪ್ರಶ್ನೆಗೆ ಉತ್ತರ ಸಿಗದೆ ಒದ್ದಾಡಿದ್ದೇನೆ! ನೋಡಲು ಒಬ್ಬರೇ. ತೆಳ್ಳಗೆ, ಎತ್ತರಕ್ಕೆ, ಬಿಳಿ ಧೋತರ, ಕರಿ ಕೋಟು, ಬಗಲಲ್ಲಿ ಬಿರುಬೇಸಗೆಯಲ್ಲೂ ಬಿಡದ ಒಂದು ಛತ್ರಿ. ಆದರೆ ಬಾಯಿ ತೆರೆದರೆ ಒಳಗಿಂದ ಒಂದು ಊರಿನ ಮಂದಿ ಮಾತಾಡುತ್ತಿದ್ದರು.

ಮಾವನವರೆಂದರೆ ನನ್ನ ಗಂಡನ ಸೋದರಮಾವ. ಮೂಡಲಗಿಯ ಪೇಟೆಯಲ್ಲಿ ಅಂಗಿ ಹೊಲಿಯುವ ಅಂಗಡಿ ಅವರದು. ನಮ್ಮ ಮದುವೆಯ ದಿನ ಚರ್ಚಿನಲ್ಲಿ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಮೂಡಲಗಿ ಸಭಾದವ್ರು ನಾವೆಲ್ಲಾರೂ ಈ ಹುಡುಗ-ಹುಡುಗೀಗೆ ಆಶೀರ್ವಾದ ಮಾಡತೇವಿ" ಎಂದರು. ಇಷ್ಟೊಂದು ಮಂದಿ ನಮಗಾಗಿ ಬಂದಿದ್ದಾರಲ್ಲ ಎಂದು ಸೆರಗಿನ ಮರೆಯಿಂದ ಅವರ ಹಿಂದೆ ನೋಡಿದೆ. ಹಿಂದೆ ಗೋಡೆ ಇತ್ತು. ಗೋಡೆಗೆ ಒರಗಿಸಿದ ಛತ್ರಿ ಇತ್ತು.

"ಉಳದವ್ರು ಎಲ್ಲಿ ಅದಾರ್ರಿ?" ಎಂದು ನಮ್ಮವರನ್ನು ಮೆಲ್ಲಗೆ ಕೇಳಿದೆ.

"ಉಳದವ್ರಂದ್ರ?"

"ಮೂಡಲಗಿ ಸಭಾದವ್ರು."

"ಅವರಽ ಸಭಾ" ಎಂದರು ನಮ್ಮವರು, ಅದರಲ್ಲೇನು ವಿಶೇಷ ಎಂಬಂತೆ.

ಸಂಗತಿ ಇಷ್ಟು. ಮೂಡಲಗಿಯಲ್ಲಿ ಒಂದು ಕಾಲಕ್ಕೆ ಎಂಟೊಂಬತ್ತು ಕ್ರೈಸ್ತ ಮನೆಗಳಿದ್ದವಂತೆ. ಪೇಟೆಯ ಹಿಂದೆ ಹೆಂಚು ಹೊದಿಸಿದ ಸಣ್ಣದೊಂದು ಚರ್ಚು, ಅಂಗಳದಲ್ಲಿ ಬೇವಿನ ಮರ. ಕಂಪೌಂಡರ್ ಮಿರಜಿಗೆ ಹೋದರು, ಸಾಲಿ ಮಾಸ್ತರರು ಹುಬ್ಬಳ್ಳಿಗೆ ಹೋದರು, ಇನ್ನುಳಿದವರು ಗಿರಣಿ, ರೇಲ್ವೆ ಎಂದು ಕೆಲಸ ಇದ್ದಲ್ಲಿಗೆ ಹೋದರು. ಮಾವನವರ ಹೆಂಡತಿ ಇವರೆಲ್ಲರಿಗಿಂತ ದೂರ ಹೋದರು. ಮಕ್ಕಳಿರಲಿಲ್ಲ. ಆದರೆ ಮಂದಿ ಹೋದರೆಂದು ಸಭೆ ಹೋಗುತ್ತದೆಯೇ? ಮಾವನವರು ಅದನ್ನು ಒಪ್ಪಲೇ ಇಲ್ಲ. ಸಭೆಯ ಹಿರಿಯರು ಅವರೇ, ಕಾರ್ಯದರ್ಶಿ ಅವರೇ, ಹಾಡುವವರು, ಗಂಟೆ ಹೊಡೆಯುವವರು, ಕಸ ಗುಡಿಸುವವರು ಎಲ್ಲ ಅವರೇ. ನಮ್ಮ ಕನ್ನಡವಾದರೂ ಅವರಿಗೆ ಬುದ್ಧಿ ಹೇಳಬಹುದಿತ್ತು, ಅದೂ ಅವರ ಕಡೆಗೇ ನಿಂತಿತು ನೋಡಿ! "ಮೂಡಲಗಿಯವರು ಬಂದರು" ಎಂದರೆ ಮರ್ಯಾದಸ್ಥರೊಬ್ಬರು ಬಂದರೋ, ಊರಿಗೆ ಊರೇ ಬಂತೋ, ಕೇಳಿದವರಿಗೆ ಹೇಗೆ ತಿಳಿಯಬೇಕು?

ಹುಕ್ಕೇರಿಯವರಿಗೆ ತಿಳಿಯಲಿಲ್ಲ. ಆ ಕಥೆ ಹೇಳಬೇಕಾದರೆ ಮೊದಲು 'ಬೇಸಗಿ ಕೂಡು' ಎಂದರೇನೆಂದು ಹೇಳಬೇಕು. ಗೋಕಾಕ, ಹುಕ್ಕೇರಿ, ಮೂಡಲಗಿ ಮೂರೂ ಸಭೆಗಳಿಗೆ ಪಾದ್ರಿಗಳು ಒಬ್ಬರೇ. ಬೇಸಗೆಯಲ್ಲಿ ಸಾಲಿಗೆ ಸೂಟಿ ಬಿಟ್ಟಿತೆಂದರೆ ಅರ್ಧ ಮಂದಿ ತಮ್ಮ ತಮ್ಮ ಹಳ್ಳಿಗೆ ಹೋಗಿಬಿಡುತ್ತಿದ್ದರು, ಬೆಂಚುಗಳು ಬಣ ಬಣ ಎನ್ನುತ್ತಿದ್ದವು. ಅದಕ್ಕೆ ಉಳಿದವರೆಲ್ಲ ಒಂದು ರವಿವಾರ ಗೋಕಾಕದಲ್ಲಿ, ಒಂದು ರವಿವಾರ ಹುಕ್ಕೇರಿಯಲ್ಲಿ ಕೂಡಿ ಆರಾಧನೆ ಮಾಡಬೇಕು, ಕರೆದ ಊರಿನವರು ಬಂದವರಿಗೆ ಊಟ ಹಾಕಬೇಕು ಎಂದು ಗೊತ್ತು ಮಾಡಿಕೊಂಡಿದ್ದರು. ಆರಾಧನೆಗಿಂತ ಊಟದ ಮಾತೇ ಹೆಚ್ಚು ನಡೆಯುತ್ತಿತ್ತೆಂದು ನಾನು ಹೇಳುವುದಿಲ್ಲ, ನೀವೇ ತಿಳಿದುಕೊಳ್ಳಿ.

ಆ ವರ್ಷ ಹುಕ್ಕೇರಿಗೆ ಹೊಸದಾಗಿ ಬಂದ ಹಿರಿಯರೊಬ್ಬರು ಊಟದ ಹೊಣೆ ಹೊತ್ತಿದ್ದರು. ಪಾಪ, ಅವರಿಗೆ ಮಾವನವರ ಪರಿಚಯವಿರಲಿಲ್ಲ. ಸಂತೆಗೆ ಬಂದಿದ್ದ ಹುಕ್ಕೇರಿಯವರೊಬ್ಬರ ಕೈಯಲ್ಲಿ ಮಾವನವರು, "ಮೂಡಲಗಿ ಸಭಾದವ್ರು ನಾವೆಲ್ಲಾರೂ ತಪ್ಪದ ಬರತೇವಿ ಅಂತ ಹೇಳ್ರಿ" ಎಂದು ಹೇಳಿ ಕಳಿಸಿದರು. ಎಲ್ಲಾರೂ! ತಪ್ಪದೆ! ಹುಕ್ಕೇರಿಯವರು ಗೋಧಿ ಕುಟ್ಟಿ, ಬೆಲ್ಲ ತರಿಸಿ, ಮದುವೆಮನೆಯ ಪಾತ್ರೆ ಕಡ ತಂದು ಹುಗ್ಗಿ ಮಾಡಿದರು.

ರವಿವಾರ ಬೆಳಿಗ್ಗೆ ನಾವು ಗೋಕಾಕದವರೆಲ್ಲ ಹುಕ್ಕೇರಿ ತಲುಪಿದ ಮೇಲೆ ಮಾವನವರು ಬಸ್ಸಿಂದ ಇಳಿದರು. ಆ ಹಿರಿಯರು ಕೈ ಮುಗಿದು, ಅವರ ಹಿಂದಿನ ಬಾಗಿಲು, ಬಸ್ಸಿನ ಕಿಟಕಿ, ಬಸ್ಸಿನ ಮಾಳಿಗೆ ಎಲ್ಲ ನೋಡಿ ಕೇಳಿದರು: "ಉಳದವ್ರು ಎಲ್ಲಿ ಅದಾರ್ರಿ?"

ಮಾವನವರು ಛತ್ರಿ ಮಡಚಿ ಹೇಳಿದರು: "ಯಾರೂ ಉಳದಿಲ್ರಿ. ಎಲ್ಲಾರೂ ಬಂದೇವಿ."

ಹುಗ್ಗಿಯ ಪಾತ್ರೆ ನೋಡಿ ಅಡಿಗೆಯ ಹೆಣ್ಣುಮಕ್ಕಳು ತಲೆ ಮೇಲೆ ಕೈ ಹೊತ್ತು ಕುಳಿತರು. ಮಾವನವರೇನೂ ಮಾತಿಗೆ ತಪ್ಪುವವರಲ್ಲ. ಸಭೆಯ ಪರವಾಗಿ ಬಂದಮೇಲೆ ಸಭೆಯ ಪರವಾಗಿ ಉಣ್ಣಬೇಡವೇ? ಹಾಕಿಸಿಕೊಂಡರು, ಉಂಡರು, ಮತ್ತೆ ಹಾಕಿಸಿಕೊಂಡರು. ಹೊರಡುವಾಗ ಡಬ್ಬಿ ಮುಂದಿಟ್ಟು, "ನಮ್ಮ ಸಭಾದ ಪಾಲು ಇನ್ನೂ ಸ್ವಲ್ಪ ಉಳದೈತ್ರಿ" ಎಂದರು!

ಅಂದೇ ಊಟವಾದ ಮೇಲೆ ಹಿರಿಯರೆಲ್ಲ ಕುಳಿತು ಮಾತಾಡಿದರು. ಬಿಸಿಲು ಬಹಳ, ಆರಾಧನೆ ಏಳಕ್ಕೆ ಇಟ್ಟುಕೊಳ್ಳೋಣವೇ ಎಂಟಕ್ಕೆ ಇಟ್ಟುಕೊಳ್ಳೋಣವೇ ಎಂಬ ಮಾತು ಬಂತು. ಗೋಕಾಕದವರು ಏಳು ಎಂದರು, ಹುಕ್ಕೇರಿಯವರೂ ಏಳು ಎಂದರು. ಮಾವನವರು ಮಾತ್ರ, "ಇದು ನಮ್ಮ ಸಭಾದಾಗ ಚರ್ಚಾ ಆಗಬೇಕ್ರಿ" ಎಂದು ಛತ್ರಿ ಹಿಡಿದು ಹೊರಗೆ ಹೋದರು. ಬಾಗಿಲಲ್ಲಿ ಕುಳಿತಿದ್ದ ನಾನು ನೋಡುತ್ತೇನೆ, ಮರದ ಕೆಳಗೆ ನಿಂತು ಕೈ ಬೀಸುತ್ತಿದ್ದಾರೆ, ತಲೆ ಅಲ್ಲಾಡಿಸುತ್ತಿದ್ದಾರೆ, ಒಮ್ಮೆಯಂತೂ ಸಿಟ್ಟಾಗಿ ಛತ್ರಿಯನ್ನು ನೆಲಕ್ಕೆ ಕುಟ್ಟಿದರು. ಬೆವರೊರೆಸಿಕೊಳ್ಳುತ್ತ ಒಳಗೆ ಬಂದರು.

"ಭಾಳ ವಾದ ಆತ್ರಿ. ಒಬ್ಬರು ಒಪ್ಪವಲ್ರು. ಕಡೀಕ ಬಹುಮತದ ಮ್ಯಾಲೆ ಏಳು ಗಂಟೆ ಅಂತ ಆತು."

ಪಾದ್ರಿಗಳು ನಗು ನುಂಗಿಕೊಂಡು, "ಒಪ್ಪದವ್ರು ಯಾರ್ರಿ?" ಎಂದರು.

"ಸಭಾದ ಒಳಗಿನ ಮಾತು ಹೊರಗ ಹೇಳಬಾರದ್ರಿ ಪಾದ್ರಿಸಾಹೇಬ್ರ" ಎಂದರು ಮಾವನವರು ಗಂಭೀರವಾಗಿ.

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ಪಾದ್ರಿಗಳು, ಒಳ್ಳೆಯ ಮನುಷ್ಯರೇ ಅವರು, ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಹೇಳಿದರು: "ಹಿರಿಯಾರ, ಒಬ್ಬರು ಮಾಡಿದ್ರ ಅದು ಪ್ರಾರ್ಥನಾ ಅಕ್ಕೈತ್ರಿ. ಇಬ್ಬರು ಮೂವರು ಕೂಡಿದ್ರ ಸಭಾ. ಇನ್ನ ನೀವು ಗೋಕಾಕ ಸಭಾಕ ಸೇರಿಬಿಡ್ರಿ. ಚರ್ಚಿನ ಕೀಲಿಕೈ ನಮ್ಮ ಕಡೆ ಇರಲಿ."

ಮಾವನವರ ಮುಖ ಸಣ್ಣದಾಯಿತು. ಧೋತರದ ಚುಂಗು ಹೊಸೆಯುತ್ತ ಹೇಳಿದರು: "ವರ್ಷಾ ನಾವು ನಿಮ್ಮಲ್ಲಿ ಬಂದು ಉಂಡ ಹೋಗತೇವಿ. ಒಂದ ಸಲರ ನೀವು ನಮ್ಮಲ್ಲಿ ಬರಬೇಕಿಲ್ರಿ? ಈ ಬೇಸಗೀದು ಕಡೀ ಕೂಡು ಮೂಡಲಗ್ಯಾಗ ಆಗಲಿ. ಬಂದು ನೋಡ್ರಿ. ಆಮ್ಯಾಲೆ ಕೀಲಿಕೈ ಕೇಳ್ರಿ."

ಇಷ್ಟು ಹುಗ್ಗಿ ಹಾಕಿದ ಹುಕ್ಕೇರಿಯವರೇ ಮೊದಲು ಒಪ್ಪಿಕೊಂಡರು.

ಮೂಡಲಗಿಯ ಕೂಡಿಗೆ ಹಿಂದಿನ ರವಿವಾರ, ಅಡಿಗೆಗೆಂದು ನಮ್ಮ ಅತ್ತೆ ಕುಟ್ಟಿದ ಮಸಾಲೆ ಖಾರ ತೆಗೆದುಕೊಂಡು ನಾನು ಮೂಡಲಗಿಗೆ ಹೋದೆ. ಚರ್ಚಿನ ಹತ್ತಿರ ಬಂದರೆ ಒಳಗೆ ಹಾಡು ಕೇಳಿಸುತ್ತಿತ್ತು. ಕಿಟಕಿಯಿಂದ ಇಣುಕಿದೆ. "ಈಗ ಹೆಣ್ಣುಮಕ್ಕಳು" ಎಂದು ಹೇಳಿ ಮಾವನವರು ಸಣ್ಣ ದನಿ ತೆಗೆದು ಹಾಡಿದರು. "ಈಗ ಗಂಡಸರು" ಎಂದು ದಪ್ಪ ದನಿ ತೆಗೆದರು. ಮೇಜಿನ ಹಿಂದೆ ನಿಂತು ಪಾದ್ರಿಗಳಂತೆ ಪ್ರಸಂಗ ಮಾಡಿದರು. ನಡುವೆ ಬಂದು ಬೆಂಚಿನ ಮೇಲೆ ಕುಳಿತು ಖಾಲಿ ಮೇಜನ್ನು ನೋಡುತ್ತ ತಲೆದೂಗಿದರು. ತೂಗುತ್ತ ತೂಗುತ್ತ ನಿದ್ದೆ ಹೋದರು! ಆಮೇಲೆ ಹೊರಗೆ ಬಂದು ನನ್ನನ್ನು ನೋಡಿ ನಾಚಿಕೊಂಡು, "ಇವತ್ತ ಪ್ರಸಂಗ ಸ್ವಲ್ಪ ಉದ್ದ ಆತವಾ" ಎಂದರು.

ಒಳಗೆ ಕರೆದುಕೊಂಡು ಹೋಗಿ ಬೆಂಚು ತೋರಿಸಿದರು. ಇದು ಕಂಪೌಂಡರರ ಜಾಗ, ಇದು ಮಾಸ್ತರರ ಮನೆಯವರದು, ಆ ಮೂಲೆಯದು ನಿಮ್ಮ ಅತ್ತಿದು, ಅಂದರೆ ತೀರಿಹೋದ ಅವರ ಹೆಂಡತಿಯದು. ಒಂದೊಂದು ವಾರ ಒಬ್ಬೊಬ್ಬರ ಜಾಗದಲ್ಲಿ ಕೂಡುತ್ತಾರಂತೆ.

"ಯಾಕ್ರಿ ಮಾವಾರ?"

"ಖಾಲಿ ಬಿಟ್ರ ಗೆದ್ದಲ ಹತ್ತತೈತವಾ" ಎಂದು ಬೇರೆ ಕಡೆ ನೋಡಿದರು.

ಬಾಜೂದ ಕಿರಾಣಿ ಅಂಗಡಿಯ ಲಿಂಗಾಯತ ಸಾಹುಕಾರರು ಪಾತ್ರೆ, ಕಟ್ಟಿಗೆ ಎಲ್ಲ ಕೊಡುವುದಾಗಿ ಒಪ್ಪಿದ್ದರು. ಅವರು ನನ್ನನ್ನು ಕರೆದು ಕೇಳಿದರು: "ತಂಗಿ, ಮುಂದಿನ ವಾರ ಮಂದಿ ಬರತಾರಂತ ಅಡಿಗಿ ಹೇಳ್ಯಾರ. ಖರೇನ ಬರತಾರೇನು? ಐತವಾರ ಹಾಡ ಕೇಳಿ ಒಳಗ ಹತ್ತಿಪ್ಪತ್ತ ಮಂದಿ ಇರತಾರಂತ ಮಾಡಿದ್ವಿ. ಒಂದಿನ ಇಣುಕಿ ನೋಡಿದ್ರ ನಮ್ಮ ಟೇಲರ ಒಬ್ಬರಽ! ಮನಿಗೆ ಬಂದು ನಮ್ಮಾಕಿ ಅತ್ತಬಿಟ್ಲು."

ಹಾಗಂತ ಕೇಳಿದ್ದರೂ ನಾನು ನಗುತ್ತಲೇ ಗೋಕಾಕಕ್ಕೆ ಬಂದು, ಹೆಣ್ಣು ದನಿ ಗಂಡು ದನಿ ಎರಡೂ ತೆಗೆದು ತೋರಿಸಿ, ನಮ್ಮ ಓಣಿಯನ್ನೆಲ್ಲ ನಗಿಸಿದೆ ಅನ್ನಿ.

ಕಡೆಯ ರವಿವಾರ ಬಂತು. ಗುರುತಿನವರದೊಂದು ಬೆಲ್ಲದ ಲಾರಿ ಸಿಕ್ಕಿತು. ಹುಕ್ಕೇರಿಯವರು ಮುಂಜಾನೆಯೇ ಗೋಕಾಕಕ್ಕೆ ಬಂದರು, ಎಲ್ಲರೂ ಅದರಲ್ಲೇ ಹತ್ತಿ ಹೊರಟೆವು. ನಮ್ಮ ಸೀರೆಗೆಲ್ಲ ಬೆಲ್ಲ ಅಂಟಿ, ಬೆಲ್ಲಕ್ಕೆ ಇರುವೆ ಅಂಟಿ, ಮೂಡಲಗಿಗೆ ಇಳಿಯುವಾಗ ಕೂಡು ಆರಾಧನೆಗೆ ಇರುವೆಗಳ ಸಭೆಯೂ ಬಂದಿತ್ತು! ಚರ್ಚಿಗೆ ಸುಣ್ಣ ಬಳಿದಿತ್ತು. ಮಾವನವರು ಹೊಸ ಕೋಟು ಹೊಲಿದುಕೊಂಡು ಬಾಗಿಲಲ್ಲಿ ನಿಂತು, "ಬರ್ರಿ, ಬರ್ರಿ, ಮುಂದ ಹೋಗ್ರಿ" ಎನ್ನುತ್ತಿದ್ದರು. ಗೋಕಾಕದಿಂದ ತಂದಿದ್ದ ಹಾರ್ಮೋನಿಯಂ ಪೇಟಿ ನಾನು ಬಾರಿಸಿದೆ. ಹಾಡು ಹೆಂಚಿಗೆ ಹೋಗಿ ಬಡಿಯಿತು. ಬೆಂಚುಗಳೆಲ್ಲ ತುಂಬಿ, ಕಡೆಗೆ ಕುಳಿತುಕೊಳ್ಳಲು ಮಾವನವರಿಗೇ ಜಾಗ ಸಿಗಲಿಲ್ಲ. ಗೋಡೆಗೆ ಒರಗಿ ನಿಂತೇ ಇದ್ದರು. ಯಾರೋ ಸರಿದು ಕರೆದರೆ, "ಬ್ಯಾಡ್ರಿ, ಹಿಂಗ ನಿಂತ್ರ ಎಲ್ಲಾರೂ ಕಾಣಸ್ತೀರಿ" ಎಂದರು.

ಊಟವಾಯಿತು. ನಾನು ಪೇಟಿಗೆ ಗವಸು ಹಾಕುತ್ತಿದ್ದಾಗ ಪಾದ್ರಿಗಳು ಮಾವನವರ ಹತ್ತಿರ ಬಂದು ಮೆತ್ತಗೆ ಹೇಳಿದರು: "ಆರಾಧನಾ ಭಾಳ ಛಲೋ ಆತ್ರಿ ಹಿರಿಯಾರ. ಆದ್ರ ಇವತ್ತ ಇಲ್ಲಿ ಕೂತವ್ರು ಗೋಕಾಕದವ್ರು, ಹುಕ್ಕೇರಿಯವ್ರು. ಮುಂದಿನ ಐತವಾರ ಯಾರ ಕೂಡತಾರ, ನೀವಽ ಹೇಳ್ರಿ."

ಈಗ ಮಾವನವರು ಛತ್ರಿ ಹಿಡಿಯುತ್ತಾರೆ, ನಮ್ಮ ಸಭೆಯಲ್ಲಿ ಚರ್ಚೆ ಆಗಬೇಕು ಎನ್ನುತ್ತಾರೆ, ಬೇವಿನ ಮರದ ಕೆಳಗೆ ಹೋಗಿ ಜಗಳಾಡಿ ಬರುತ್ತಾರೆ ಎಂದು ನಾನು ನಗಲು ಸಿದ್ಧಳಾಗಿ ಕಾದೆ. ಅವರು ಹೋಗಲಿಲ್ಲ. ಹೊಸ ಕೋಟಿನ ಕಿಸೆಯಿಂದ ಕೀಲಿಕೈ ತೆಗೆದು ಕೊಟ್ಟು, "ಆತ್ರಿ" ಎಂದರು.

ಬಿಸಿಲಿಳಿಯುವ ಹೊತ್ತಿಗೆ ಚರ್ಚಿಗೆ ಕೀಲಿ ಹಾಕಿ ಎಲ್ಲರೂ ಲಾರಿ ಹತ್ತಿದೆವು. ಪಾದ್ರಿಗಳು ಡ್ರೈವರನ ಬಾಜೂ ಕುಳಿತರು. ಡ್ರೈವರ ತಲೆ ಹೊರಗೆ ಹಾಕಿ ಕೂಗಿದ: "ಎಲ್ಲಾರೂ ಬಂದ್ರೇನ್ರಿ? ಯಾರರ ಉಳದಾರೇನು?"

ಚರ್ಚಿನ ಕಟ್ಟೆಯ ಮೇಲಿಂದ ಮಾವನವರು ಹೇಳಿದರು: "ನಾ ಒಬ್ಬಾಂವ ಉಳದೇನಪಾ. ನೀ ನಡಿ."

ಇದೂ ಒಂದು ಚೇಷ್ಟೆ ಎಂದುಕೊಂಡು ಲಾರಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅವರ ಬಾಯಲ್ಲಿ 'ನಾ' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಒಬ್ಬಾಂವ! ಲಾರಿ ಅಲುಗಿತು. ನಾನು ಹಲಗೆಗೆ ದಬದಬ ಬಡಿದು, "ನಿಲ್ಲಸ್ರಿ!" ಎಂದು ಕೂಗಿ, ಹಾರಿ ಇಳಿದೇಬಿಟ್ಟೆ. ನಮ್ಮವರು ಪೇಟಿ ಕೆಳಗಿಳಿಸಿ ತಾವೂ ಇಳಿದರು. ಯಾಕೆ ಎಂದು ಕೇಳಲಿಲ್ಲ. ಆ ಒಂದು ಗುಣಕ್ಕಾಗಿ ಅವರ ಉಳಿದ ಗುಣಗಳನ್ನೆಲ್ಲ ನಾನು ಮನ್ನಿಸಿದ್ದೇನೆ.

"ಯಾಕವಾ?" ಎಂದರು ಪಾದ್ರಿಗಳು.

"ಮೂರು ಮಂದಿ ಆದ್ವಿ ನೋಡ್ರಿ. ಕೀಲಿಕೈ ಕೊಡ್ರಿ."

"ಇವತ್ತಿಗೆ ಆತು. ಮುಂದಿನ ಐತವಾರ?"

ನಾನೆಲ್ಲಿ ಅಷ್ಟು ದೂರ ಯೋಚಿಸಿದ್ದೆ? ಬಾಯಿಗೆ ಬಂದದ್ದು ಒಂದೇ ಮಾತು: "ಅದು ನಮ್ಮ ಸಭಾದಾಗ ಚರ್ಚಾ ಆಗಬೇಕ್ರಿ."

ಲಾರಿಯ ತುಂಬ ನಗೆ ಎದ್ದಿತು. ಪಾದ್ರಿಗಳು ನಗಲಿಲ್ಲ. ನನ್ನ ಮುಖವನ್ನು, ಕಟ್ಟೆಯ ಮೇಲೆ ನಿಂತವರನ್ನು ನೋಡಿದರು. ಕಿಟಕಿಯಿಂದ ಕೈ ಚಾಚಿ ಕೀಲಿಕೈ ಕೊಟ್ಟರು.

ಲಾರಿ ಹೋಯಿತು. ಮಾವನವರು ನನ್ನ ಮೇಲೆ ಹರಿಹಾಯ್ದರು: "ಹುಚ್ಚಿ ಅದೀಯೇನ? ಅಡಿಗಿ ಎಲ್ಲಾ ಖಾಲಿ ಆಗೇತಿ. ರಾತ್ರಿ ಏನ ಉಣತೀರಿ?" ಬೈಯುತ್ತಲೇ ಬಾಗಿಲು ತೆರೆದರು. ಬೈಯುತ್ತಲೇ ಪೇಟಿ ಎತ್ತಿ ಒಳಗಿಟ್ಟರು. ನಾವಿಬ್ಬರೂ ಮುಂದಿನ ಬೆಂಚಿನಲ್ಲಿ ಕುಳಿತೆವು. ಅವರು ಮೇಜಿನ ಹಿಂದೆ ಹೋಗಿ ನಿಂತು ಕಣ್ಣು ಮುಚ್ಚಿದರು.

"ದೇವರಽ, ಮೂಡಲಗಿ ಸಭಾದವ್ರು ನಾವು..." ಎಂದವರು ನಿಂತರು. ಕಣ್ಣು ತೆರೆದು ನಮ್ಮವರನ್ನು ನೋಡಿದರು, ನನ್ನನ್ನು ನೋಡಿದರು.

"ಎಲ್ಲಾರೂ ಬಂದೇವಿ" ಎಂದರು.

ಆ ಮಾತಿನಲ್ಲಿ ಮೊದಲ ಸಲ ನಾನೂ ಇದ್ದೆ.