ಚಿಕ್ಕಪ್ಪನವರ ಡಾಕ್ಟರಿಕೆಯ ಮೇಲಿನ ಸಂಶಯಗಳು

ಮಾನ್ಯ ಓದುಗರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಚಿಕ್ಕಪ್ಪನವರು ಮಾಟಗಾರರಾಗಿರಲಿಲ್ಲ. ಇದನ್ನು ಕಾರಮಡೈಯ ನಮ್ಮ ಬೀದಿಯವರು ಇಂದಿಗೂ ಒಪ್ಪಿಲ್ಲವೆಂಬುದು ಬೇರೆ ಮಾತು!

ನಮ್ಮದು ನೇಯ್ಗೆಯ ಮನೆ. ಒಳಗೆ ಕನ್ನಡ, ಹೊರಗೆ ತಮಿಳು. ಮದರಾಸಿಗೆ ವೈದ್ಯ ಕಲಿಯಲು ಹೋದ ಸದರಿ ಚಿಕ್ಕಪ್ಪನವರು, ದೊರೆ ಮೇಷ್ಟರುಗಳ ಇಂಗ್ಲೀಷಿನ ವೇಗ ತಾಳಲಾರದೆ ಎರಡು ಸಲ ನಪಾಸಾಗಿದ್ದರು. ಮೂರನೆಯ ಸಲವೂ ಹಾಗೇ ಆದರೆ ಮಗ್ಗವೇ ಗತಿ.

ಆ ವರ್ಷ ರಜೆಗೆ ಊರಿಗೆ ಬಂದಿದ್ದ ಚಿಕ್ಕಪ್ಪನವರು ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದ್ದ ನನ್ನ ತಂದೆಯವರ ಮೈಮೇಲೆ, ಮಗ್ಗದ ಹಾಸಿನ ಎಳೆಗಳಿಗೆ ಗುರುತು ಕಟ್ಟುವಂತೆ, ಎಲುಬಿಗೊಂದು ಬಣ್ಣದ ನೂಲು ಕಟ್ಟಿ, ಕಣ್ಣು ಮುಚ್ಚಿ ಅವುಗಳ ಇಂಗ್ಲೀಷ್ ಹೆಸರುಗಳನ್ನು ಗೊಣಗುತ್ತಿದ್ದರು. ಎಚ್ಚರಗೊಂಡ ತಂದೆಯವರು ಏನೆಂದು ತಿಳಿಯಬೇಕು? ನೂಲುಗಳ ಸಮೇತ ಮಂತ್ರವಾದಿಯ ಮನೆಗೇ ಓಡಿದರು! ಪಕ್ಕದ ಮನೆಯವರು ಒಂದು ವಾರ ಕೋಳಿಗಳನ್ನು ಹೊರಗೆ ಬಿಡಲಿಲ್ಲ.

ಎರಡನೆಯ ಪ್ರಕರಣ ನೋಟ್ ಪುಸ್ತಕದ್ದು. ಕನ್ನಡದ ಅಕ್ಷರ ನಮ್ಮ ಮನೆಯಲ್ಲಿ ಆಗ ಯಾರಿಗೂ ಬಾರದು. ಆದಕಾರಣ ಇಂಗ್ಲೀಷ್ ಪಾಠವನ್ನು ಕನ್ನಡ ಮಾಡಿಕೊಂಡು ತಮಿಳಿನ ಅಕ್ಷರದಲ್ಲಿ ಬರೆದಿದ್ದರು. ಸತ್ಯಾಗ್ರಹದ ಕಾಲ, ಕೊಯಮತ್ತೂರು ರೈಲು ಸ್ಟೇಷನ್ನಿನಲ್ಲಿ ಪೇದೆಯೊಬ್ಬನು ಅದನ್ನು ಬಿಡಿಸಿ ನೋಡಿದನು. ಓದಲು ಬರುತ್ತದೆ, ಒಂದು ಮಾತೂ ತಿಳಿಯುವುದಿಲ್ಲ! ರಾಜದ್ರೋಹಕ್ಕೆ ಬೇರೆ ಪುರಾವೆ ಬೇಕೆ? ಅದರಲ್ಲಿದ್ದ ಹೃದಯದ ಚಿತ್ರವು ಬಾಂಬಿನದಲ್ಲವೆಂದು ಒಪ್ಪಿಸಲು ಅರ್ಧ ದಿನ ಹಿಡಿಯಿತು.

ಅಜ್ಜಿಯವರ ಸಂಶಯವೇ ಬೇರೆ. ರೋಗಿಯ ಎದುರಿಗೆ ಡಾಕ್ಟರುಗಳು ಇಂಗ್ಲೀಷ್ ಆಡುವುದು ನಿಜವನ್ನು ಮುಚ್ಚಿಡಲಿಕ್ಕೇ ಎಂದು ಅವರ ತೀರ್ಮಾನ.

"ಅದು ನಿಂಗೆ ಪುರಿಯೋ ಕಾಲಕ್ಕೆ ನಂಗೆ ಒಂದೂ ಮರೆಸ್ಬ್ಯಾಡ, ಮಗಾ" ಎಂದು ಚಿಕ್ಕಪ್ಪನವರಿಂದ ಮಾತು ತೆಗೆದುಕೊಂಡಿದ್ದರು. ಪುರಿಯುವುದೆಂದರೆ ನಮ್ಮ ಮನೆಮಾತಿನಲ್ಲಿ ಅರ್ಥವಾಗುವುದು.

ಮೂರನೆಯ ಸಲ ಚಿಕ್ಕಪ್ಪನವರು ಪಾಸಾದರು. ಅದೇ ತಿಂಗಳು ಅಜ್ಜಿಯವರು ಹಾಸಿಗೆ ಹಿಡಿದರು. ಕೊಯಮತ್ತೂರಿನಿಂದ ಬಂದ ದೊಡ್ಡ ಡಾಕ್ಟರು ಅವರ ನಾಡಿ ಹಿಡಿದು, ಎದೆಗೆ ಕೊಳವೆಯಿಟ್ಟು ನೋಡಿ, ಚಿಕ್ಕಪ್ಪನವರ ಕಡೆಗೆ ತಿರುಗಿ ಇಂಗ್ಲೀಷಿನಲ್ಲಿ ಎರಡೇ ಮಾತು ಹೇಳಿ ಹೊರಟುಹೋದರು. ಚಿಕ್ಕಪ್ಪನವರು ಹಾಸಿಗೆಯ ಪಕ್ಕದಲ್ಲಿ ಮೆಲ್ಲಗೆ ಕುಳಿತರು.

"ಏನ್ ಏಳ್ದಾರು, ಮಗಾ?"

"ಅವರ ಇಂಗ್ಲೀಷು ನಂಗೆ ಪುರೀಲಿಲ್ಲವ್ವಾ."

ಅಜ್ಜಿಯವರು ಬಹಳ ಹೊತ್ತು ಅವರ ಮುಖವನ್ನೇ ನೋಡಿದರು.

"ಪರವಾಗಿಲ್ಲ ಬುಡು" ಎಂದು ಅವರ ತಲೆಯ ಮೇಲೆ ಕೈಯಿಟ್ಟರು. "ನಂಗೆ ಪುರೀತು."