ಬಲಗೈಗೆ ಅನುಮತಿ ಕೋರಿ

ಹೊಸಪೇಟೆ, 16-1-2007. ಬೆಳಿಗ್ಗೆ ಮಂಜು, ಮಂಜಿನ ಮೇಲೆ ಅದಿರು ಲಾರಿಗಳ ಕೆಂಪು ಧೂಳು.

ಇಂದ: ಅಕ್ಷೋಭ್ಯಾಚಾರ್ಯ, ಹಂಪಿಯ ಮಾರ್ಗದರ್ಶಿ, ಕಡ್ಡಿರಾಂಪುರ

ಗೆ: ಅಧ್ಯಕ್ಷರು, ವಿದೇಶಿ ಭಾಷಾ ಮಾರ್ಗದರ್ಶಿಗಳ ಪರೀಕ್ಷಾ ಸಮಿತಿ

ವಿಷಯ: ಸ್ಪ್ಯಾನಿಷ್ ಮೌಖಿಕ ಪರೀಕ್ಷೆಯಲ್ಲಿ ಬಲಗೈ ಬಳಸುವ ಬಗ್ಗೆ.

ಉಲ್ಲೇಖ: ತಮ್ಮ ಪತ್ರ, "ಅನುತ್ತೀರ್ಣ. ಕಾರಣ: ಕೊಠಡಿಯಲ್ಲಿ ತಾಳ ಹಾಕಿದ್ದು."

ಮಾನ್ಯರೇ,

1. ಸದರಿ ಅರ್ಜಿದಾರನು ಒಂಬತ್ತು ವರ್ಷದಿಂದ ಹಂಪಿ ತೋರಿಸುತ್ತಿದ್ದು, ತನ್ನ ಮನೆಯಲ್ಲಿ ಮೂರು ತಿಂಗಳು ತಂಗಿದ್ದ ತೆರೇಸಾ ಎಂಬ ಸ್ಪೇನಿನ ಹೆಣ್ಣುಮಗಳಿಂದ ಅವಳ ಭಾಷೆ ಕಲಿತಿರುತ್ತಾನೆ.

2. ಆ ಭಾಷೆಯಲ್ಲಿ ಪದವನ್ನು ತುಂಡು ಮಾಡಿ, ಒಂದೇ ತುಂಡಿಗೆ ಒತ್ತು ಕೊಡತಕ್ಕದ್ದು. ಸ್ವರದಲ್ಲೋ ನ್, ಸ್‌ಗಳಲ್ಲೋ ಮುಗಿದರೆ ಕೊನೆಯಿಂದ ಎರಡನೆಯದಕ್ಕೆ, ಇಲ್ಲವಾದರೆ ಕೊನೆಯದಕ್ಕೆ, ಅಕ್ಷರದ ತಲೆಯ ಮೇಲೆ ಗೀರಿದ್ದರೆ ಗೀರು ಹೇಳಿದ್ದೇ ಕಾನೂನು. ಲಾರಿಗೆ ಕಾ-ಮ್ಯೋನ್, ಗೀರಿರುವ ಕಾರಣ ಒತ್ತು ಮ್ಯೋನ್‌ಗೆ. ಆನೆಗೆ ಎ-ಲೆ-ಫಾನ್-ತೆ, ಒತ್ತು ಫಾನ್‌ಗೆ.

3. ಅರ್ಜಿದಾರನು ಭಜನೆಯ ಮನೆಯವನಾದ ಕಾರಣ ಕಲಿಯುವಾಗ ತೊಡೆಯ ಮೇಲೆ ತಾಳ ಹಾಕಿ ತುಂಡುಗಳನ್ನು ಎಣಿಸಿದನು. ತಾಳದ ಮೊದಲ ಪೆಟ್ಟೇ ಜೋರಾದ ಕಾರಣ ಪ್ರತಿ ಪದಕ್ಕೂ ತಲೆಯಲ್ಲೇ ಒತ್ತು ಬಿತ್ತು. ನಿನ್ನ ಆನೆ ಕುಂಟುತ್ತಿದೆ ಎಂದು ತೆರೇಸಾ ನಕ್ಕಳು. ತಾಯಿ ಭೀಮಾಬಾಯಿಯವರು ಹೂ ಕಟ್ಟುತ್ತಲೇ ಹೇಳಿದ್ದು: "ಎಲ್ಲಾನೂ ಪೆಟ್ಟಿಗೇ ಎತ್ಕೋಬ್ಯಾಡೋ. ದೇವರನಾಮ ಹಂಗ ಹಾಡ್ತೀವೇನು? ಅಕ್ಷರ ಮೊದ್ಲ ಹೊರಡ್ಲಿ, ಪೆಟ್ಟು ಆಮ್ಯಾಲ ಬಂದು ಕೂಡ್ತದ." ಅಂದಿನಿಂದ ಪೆಟ್ಟು ಫಾನ್ ಮೇಲೆ ಬಿದ್ದು ಆನೆ ನೆಟ್ಟಗೆ ನಡೆಯಿತು.

4. ಪರೀಕ್ಷೆಯ ದಿನ ಆನೆಲಾಯದ ವಿವರಣೆ ಕೇಳಲಾಗಿ, ಕೈ ತಾನಾಗಿ ತೊಡೆಗೆ ಹೋಯಿತು. ಪರೀಕ್ಷಕರು, "ಇದು ಭಜನಿಮನಿ ಅಲ್ರೀ ಆಚಾರ್ರ, ಕೈ ಟೇಬಲ್ ಮ್ಯಾಲಿಡ್ರಿ" ಎಂದರು. "ಕೈ ಕಟ್ಟಿದ್ರ ಬಾಯೂ ಕಟ್ತದ್ರೀ ಸಾರ್" ಎಂಬ ಅರ್ಜಿದಾರನ ಮನವಿ ದಾಖಲಾಗಿಲ್ಲ. ಕೈ ಮೇಜಿಗೇರಿದ ಕೂಡಲೇ ಲಾಯದ ಹನ್ನೊಂದು ಅಂಕಣದ ಹನ್ನೊಂದೂ ಆನೆಗಳು ಕುಂಟಿದವು.

5. ಸಮಿತಿಯಲ್ಲಿ ಯಾರಿಗೂ ಸ್ಪ್ಯಾನಿಷ್ ಬಾರದ ಕಾರಣ ಕುಂಟಿದ್ದು ಅವರಿಗೆ ಕೇಳಿಸಲಿಲ್ಲ, ಕೈ ಮಾತ್ರ ಕಾಣಿಸಿತು. ಕಂಡದ್ದಕ್ಕೇ ಅಲ್ಲವೇ ಮನುಷ್ಯ ಅಂಕ ಕೊಡುವುದು. ದೂರಿಲ್ಲ.

6. ಸಂಡೂರು ರಸ್ತೆಯಲ್ಲಿ ಅದಿರು ಲಾರಿ ಎಣಿಸುವ ಕೆಲಸ ಖಾಲಿಯಿದೆಯೆಂದು ಭಾವಮೈದುನ ಪುರಂದರನು ದಿನವೂ ತಿಳಿಸುತ್ತಿದ್ದಾನೆ. ಆ ಕೆಲಸದಲ್ಲಿ ಯಾವ ಲಾರಿಗೂ ಒತ್ತು ಕೊಡಬೇಕಾಗಿಲ್ಲ. ಅರ್ಜಿದಾರನಿಗೆ ಮನಸ್ಸಿಲ್ಲ.

ಆದ್ದರಿಂದ ಮರುಪರೀಕ್ಷೆ ನಡೆಸಿ, ಬಲಗೈಯನ್ನು ತೊಡೆಯ ಮೇಲೆ, ಸದ್ದಿಲ್ಲದೆ, ಆಡಿಸಲು ಅನುಮತಿಸಬೇಕು. ಎಡಗೈ ತಮ್ಮ ಕಣ್ಣೆದುರೇ ಇರುತ್ತದೆ.

ತಮ್ಮ ವಿಶ್ವಾಸಕ್ಕೆ ಇನ್ನೂ ಪಾತ್ರನಾಗಬೇಕಾಗಿರುವ,
ಅಕ್ಷೋಭ್ಯಾಚಾರ್ಯ

ಲಗತ್ತುಗಳು:
1. ತೆರೇಸಾಳ ಶಿಫಾರಸು ಪತ್ರ (ಸ್ಪ್ಯಾನಿಷ್‌ನಲ್ಲಿದೆ, ಬೇಕಾದರೆ ಅರ್ಜಿದಾರನೇ ಬಂದು ಓದಿ ಹೇಳುವನು).
2. ಅನುತ್ತೀರ್ಣರು ಹಿಂತಿರುಗಿಸಬೇಕಾದ ಮಾರ್ಗದರ್ಶಿಯ ಹಿತ್ತಾಳೆ ಬಿಲ್ಲೆ, ಒಂದು. ತಾಯಿಯವರು ಹುಣಸೆಹಣ್ಣು ಹಚ್ಚಿ ಬೆಳಗಿದ್ದಾರೆ. ಪಿನ್ನು ಸಡಿಲ, ಮುಂದೆ ಧರಿಸುವವರಿಗೆ ತಿಳಿಸಬೇಕಾಗಿ ವಿನಂತಿ.