ಹುಳಕ್ಕೊಂದು ಹೆಸರು

ಹುಳಹುಪ್ಪಟೆಗಳ ಫೋಟೊ ತೆಗೆಯಲೆಂದು ಕ್ಯಾಮೆರಾ ಕೊಂಡ ದಿನದಿಂದ ಬ್ಯಾಂಕ್ ಗುಮಾಸ್ತನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೊಟ್ಟೆ ಮಾತ್ರ ಸದಾ ನೆಲದ ಮೇಲೇ ಇರುತ್ತಿತ್ತು. ಆ ಭಾನುವಾರ ಬೆಳಗ್ಗೆ ವಠಾರದ ಹಿಂದಿನ ಕಳೆಗಿಡಗಳ ನಡುವೆ ಬೋರಲು ಬಿದ್ದಿದ್ದಾಗ ಎಲೆಯಡಿ ಒಂದು ಹುಳ ಕಂಡಿತು. ನೀಲಿ ಬೆನ್ನು, ಕೆಂಪು ಕೊಂಬು, ಮುಖದಲ್ಲಿ ಮ್ಯಾನೇಜರನ ಗತ್ತು. ಅವನ ಯಾವ ಕೀಟಗಳ ಪುಸ್ತಕದಲ್ಲೂ ಅದಿರಲಿಲ್ಲ.

ಹೊಸ ಹುಳಕ್ಕೆ ಅದನ್ನು ಮೊದಲು ಕಂಡವರ ಹೆಸರಿಡುತ್ತಾರೆಂದು ಎಲ್ಲೋ ಓದಿದ್ದ. "ನಿನ್ನ ಹೆಸರು ನಿಮ್ಮನೆ ಹೊಸಿಲು ದಾಟಲ್ಲ ಬಿಡಪ್ಪಾ" ಎಂದು ಊಟಕ್ಕೆ ಬಂದಾಗಲೆಲ್ಲ ಚುಚ್ಚುವ ಭಾವನ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ದಾರಿಯಿರಲಿಲ್ಲ. ಫೋಟೊವನ್ನು ಕೀಟತಜ್ಞೆಯೊಬ್ಬರಿಗೆ ಕಳಿಸಿದ. ಸಂಜೆ ಬರುತ್ತೇನೆ, ಅಲ್ಲೀವರೆಗೆ ಗಿಡ ಮುಟ್ಟಬೇಡಿ ಎಂದರು ಅವರು.

ಅಷ್ಟರಲ್ಲಿ ವಠಾರದ ಕಾರ್ಯದರ್ಶಿ ಕುಡುಗೋಲು ಹಿಡಿದು ಬಂದ. ಭಾನುವಾರ ಕಳೆ ಕೀಳುವುದೊಂದೇ ಅವನ ಆಡಳಿತ.

"ಬೇಡಿ ಸಾರ್. ಇಲ್ಲಿ ಹೊಸ ಹುಳ ಇದೆ. ಅದಕ್ಕೆ ನನ್ನ ಹೆಸರಿಡ್ತಾರೆ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

"ನಿಮ್ಮ ಹೆಸರ್ಯಾಕ್ರೀ? ಜಾಗ ವಠಾರದ್ದು. ಕಾರ್ಯದರ್ಶಿ ನಾನು."

ಮೇಲಿನ ಕಿಟಕಿಯಿಂದ ಟೀಚರಮ್ಮ ಇಣುಕಿದಳು. "ದಿನಾ ಪಾತ್ರೆ ತೊಳೆದ ನೀರು ಆ ಗಿಡಕ್ಕೆ ಸುರಿಯೋಳು ನಾನು. ನನ್ನ ನೀರು ಕುಡಿದು ಬೆಳೆದ ಹುಳ ಅದು."

"ಹೋದ ವಾರಾನೇ ನನ್ನ ಕಣ್ಣಿಗೆ ಬಿದ್ದಿತ್ತು," ಎಂದ ಟೈಲರ್. "ಜಂಬ ಯಾಕೆ ಅಂತ ಸುಮ್ನಿದ್ದೆ."

ಜಿರಲೆ ಕಂಡರೆ ಮಂಚ ಹತ್ತುವ ಜನವೆಲ್ಲ ಮಧ್ಯಾಹ್ನದೊಳಗೆ ಹುಳದ ಪಕ್ಕ ಕೂತು ಫೋಟೊ ತೆಗೆಸಿಕೊಂಡರು. ಕಾರ್ಯದರ್ಶಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಗುಮಾಸ್ತ ಊಟ ಬಿಟ್ಟು, ಕೊಡೆ ಬಿಚ್ಚಿ ಗಿಡ ಕಾದ.

ಸಂಜೆ ತಜ್ಞೆ ಬಂದರು. ಭೂತಗನ್ನಡಿ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದರು.

"ಹೊಸದೇನಲ್ಲ, ಹೊರಗಿಂದ ಬಂದ ಪಿಡುಗು ಇದು. ಒಂದು ಗಿಡಾನೂ ಬಿಡಲ್ಲ. ವಠಾರದ ಗಿಡ, ಹೂಕುಂಡ ಎಲ್ಲಾ ಇವತ್ತೇ ಕಿತ್ತು ಸುಡಬೇಕು. ಯಾರ ಹೆಸರಲ್ಲಿ ವರದಿ ಬರೀಲಿ?"

ಟೀಚರಮ್ಮ ತನ್ನ ಗುಲಾಬಿ ಕುಂಡಗಳತ್ತ ನೋಡಿದಳು. ಕಾರ್ಯದರ್ಶಿ ಮೆಲ್ಲಗೆ ಹಿಂದೆ ಸರಿದ.

"ಇವರದೇ ಮೇಡಂ ಹುಳ," ಎಂದರು ಎಲ್ಲರೂ, ಗುಮಾಸ್ತನತ್ತ ಕೈ ತೋರಿಸಿ. ವಠಾರ ಹುಟ್ಟಿದಾಗಿನಿಂದ ಅಂಥ ಒಗ್ಗಟ್ಟು ಯಾರೂ ಕಂಡಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬೀದಿಯವರ ಬಾಯಲ್ಲೆಲ್ಲ ಹುಳಕ್ಕೆ ಅವನ ಹೆಸರೇ ಗಟ್ಟಿಯಾಯಿತು. ಗುಲಾಬಿ ಸುಟ್ಟ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಬೈಗುಳ ಕೇಳುತ್ತ ಗುಮಾಸ್ತ ನಿಂತಿದ್ದಾಗ ಭಾವನ ಫೋನು ಬಂತು.

"ನಾನು ಅಂದಿದ್ದು ತಪ್ಪಾಯ್ತಪ್ಪಾ. ನಿನ್ನ ಹೆಸರು ನಮ್ಮನೇವರೆಗೂ ಬಂದ್ಬಿಟ್ಟಿದೆ. ನಿಂಬೆಗಿಡದ ಮೇಲೆ ಕೂತು ಎಲೆ ತಿಂತಾ ಇದೆ."